ಪರದೆಯ ಮೇಲೆ ನಿಮ್ಮಣ್ಣನ ಮುಖ

ಮಗಳೇ,

ಸುಖವಾಗಿ ತಲುಪಿದೆ. ಹಿಂದಿನ ವರ್ಷ ತೀರಿಕೊಂಡ ಅಭಿಮಾನಿಗಳ ಮುಖವನ್ನು ವರ್ಷದ ಮೊದಲ ಪಂದ್ಯಕ್ಕೆ ಮುಂಚೆ ಪರದೆಯ ಮೇಲೆ ತೋರಿಸುವುದು ಇಲ್ಲಿನ ಫುಟ್‌ಬಾಲ್ ಮೈದಾನದ ರೂಢಿ. ಇಂದು ನಿಮ್ಮಣ್ಣನದನ್ನೂ ತೋರಿಸಿದರು.

ಅವನ ಗ್ಯಾರೇಜಿನ ಗೆಳೆಯರು ದಾರಿಯುದ್ದಕ್ಕೂ ಹೊಸ ಸ್ಕೋರ್‌ಬೋರ್ಡ್ ಪರದೆಯ ಬಗ್ಗೆಯೇ ಕಿತ್ತಾಡಿದರು.

"ಕರವಸ್ತ್ರ ಒಣಗಿಹಾಕಿದ ಹಾಗಿದೆ. ನಮ್ಮ ಕಡೆಯಿಂದ ಏನ್ ಕಾಣುತ್ತೆ?" ಎಂದ ಪೇಂಟರ್.

"ನಿನಗೆ ಆಟ ಬೇಕೋ, ಟಿವಿ ಬೇಕೋ?" ಎಂದು ವೆಲ್ಡರ್ ರೇಗಿದ. ಪರದೆ ಹಾಕಿದಾಗ ನಿಮ್ಮಣ್ಣನೂ ವೆಲ್ಡರ್‌ನ ಪಕ್ಷವೇ ಆಗಿದ್ದನಂತೆ.

ಈ ಮಂಜುಗಣ್ಣಿಗೆ ಮಗನ ಮುಖ ಕಂಡೀತೇ ಎಂಬುದೊಂದೇ ನನ್ನ ಚಿಂತೆ. ಪೇಂಟರ್‌ಗೆ ಅದು ಹೊಳೆಯಿತೋ ಏನೋ, "ಬನ್ನಿ ಅಪ್ಪಾ, ಇಲ್ಲಿ ಕೂತ್ಕೊಳ್ಳಿ" ಎಂದು ಕೈಹಿಡಿದು ಪರದೆಯ ಹತ್ತಿರವೇ ಜಾಗ ಮಾಡಿಕೊಟ್ಟ.

ಕಂಡಿತು ಮಗಳೇ. ಗಲ್ಲದ ಮೇಲಿನ ಹಳೆಯ ಗಾಯದ ಗುರುತೂ ಕಂಡಿತು. ಜಗಳವಾಡಿದವರೆಲ್ಲ ತಲೆ ತಗ್ಗಿಸಿ ನಿಂತಿದ್ದರು.

ಮಂಡಿನೋವು ಹತೋಟಿಯಲ್ಲಿದೆ. ಮಾತ್ರೆ ಮುಗಿಯುವುದರೊಳಗೆ ಬರುತ್ತೇನೆ. ಅಮ್ಮನಿಗೆ ಇದನ್ನು ನಿಧಾನವಾಗಿ ಓದಿ ಹೇಳು.

ಆಮೇಲೆ ಪರದೆಯಿಂದ ಅವನ ಮುಖ ಹೋಗಿ ಸ್ಕೋರ್ ಸೊನ್ನೆ-ಸೊನ್ನೆ ಎಂದು ಬಂತು, ಆಟ ಶುರುವಾಯಿತು. ನಾನು ಮಾತ್ರ ಕೊನೆಯವರೆಗೂ ಪರದೆಯನ್ನೇ ನೋಡುತ್ತಾ ಕುಳಿತಿದ್ದೆ, ಇನ್ನೊಮ್ಮೆ ತೋರಿಸಿಯಾರು ಎಂದು.

ಅಪ್ಪ