ಖಾಲಿ ಬಿಟ್ಟ ಮೂರು ತಿಂಗಳು

ಮಿಲ್ಸ್ ಲ್ಯಾಂಡಿಂಗ್,
ಉತ್ತರ ಕ್ಯಾರೊಲೈನಾ
ಫೆಬ್ರವರಿ ೧೮, ಭಾನುವಾರ

ಪ್ರಿಯ ಥರ್ಮನ್,

ಕಳೆದ ಮಾರ್ಚಿನಲ್ಲಿ ನೀನು ಬರೆದ ಪತ್ರಕ್ಕೆ ಈ ಫೆಬ್ರವರಿಯಲ್ಲಿ ಉತ್ತರ ಬರೆಯಲು ಕುಳಿತಿದ್ದೇನೆ. ವಿಳಂಬಕ್ಕೆ ಕೆಲಸದ ಒತ್ತಡವನ್ನು ಕಾರಣವಾಗಿ ಹೇಳಬಹುದಿತ್ತು. ಆದರೆ ಹತ್ತೊಂಬತ್ತು ವರ್ಷ ನನ್ನ ಜೊತೆಯಲ್ಲಿ ಅದೇ ಕೆಲಸ ಮಾಡಿದವನ ಮುಂದೆ ಆ ಮಾತು ನಿಲ್ಲುವುದಿಲ್ಲ. ಕ್ಷಮಿಸು. ನಿನ್ನ ಕ್ಷೇಮಸಮಾಚಾರ ಎರೆ ಮಾರುವ ಐವಾಳಿಂದ ಆಗಾಗ ತಿಳಿಯುತ್ತದೆ. ಬೆಟ್ಟದ ಮೇಲಿನ ಮಗಳ ಮನೆಯಲ್ಲಿ ಕೊರಿನ್ ನಿನಗೆ ಉಪ್ಪಿಲ್ಲದ ಅಡುಗೆ ಹಾಕುತ್ತಿದ್ದಾಳಂತೆ. ನೀನು ಮೊಮ್ಮಗಳ ತಟ್ಟೆಯಿಂದ ಹಂದಿಮಾಂಸ ಕದಿಯುತ್ತಿದ್ದೀಯಂತೆ. ಎರಡನ್ನೂ ನಂಬಿದ್ದೇನೆ.

ಇಲ್ಲಿ ಎಲ್ಲರೂ ದಣಿದಿದ್ದಾರೆ. ನಾನು ಕೂಡ. ಜನವರಿಯ ಮೊದಲ ವಾರ ಚಳಿ ಬಂತು. ನಾಲ್ಕು ಬೆಚ್ಚನೆಯ ಚಳಿಗಾಲಗಳಾದ ಮೇಲೆ ಬಂದ ನಿಜವಾದ ಚಳಿ. ಹ್ಯಾಲಕ್ ಕ್ರೀಕಿನ ತುದಿಯ ನೀರಿನಲ್ಲಿ ನಾವಿಬ್ಬರೂ ಕಟ್ಟಿದ್ದ ಉಷ್ಣಮಾಪಕ ಎರಡು ಹಗಲು, ಎರಡು ರಾತ್ರಿ ಮೂವತ್ತೇಳು ಡಿಗ್ರಿ ಫ್ಯಾರನ್‌ಹೀಟಿನಿಂದ ಮೇಲೇಳಲಿಲ್ಲ. ಮೂರನೆಯ ಬೆಳಿಗ್ಗೆ ಚುಕ್ಕೆ ಟ್ರೌಟ್‌ಗಳು ಹೊಟ್ಟೆ ಮೇಲಾಗಿ ತೇಲಿಬಂದವು. ಜನ ಕೈಬಲೆ ಹಿಡಿದು ಮೊಣಕಾಲುದ್ದ ನೀರಿಗಿಳಿದಿದ್ದರು. ಅರೆಜೀವದ ಮೀನನ್ನು ಬಕೆಟ್ಟಿಗೆ ಹಾಕುತ್ತಿದ್ದ ಒಬ್ಬಾಕೆ ನನ್ನ ಅಂಗಿಯ ಮೇಲಿನ ಮೀನುಗಾರಿಕೆ ಇಲಾಖೆಯ ಮುದ್ರೆ ನೋಡಿ, "ಹೆಂಗೂ ಸಾಯ್ತಾವಲ್ಲ ಸಾರ್, ಬಾಣಲೆಗಾದ್ರೂ ಹೋಗ್ಲಿ ಬಿಡಿ," ಎಂದಳು.

ಕ್ರೀಕಿನುದ್ದಕ್ಕೂ ಹೋಗಿ ಸತ್ತವುಗಳನ್ನು ಎಣಿಸಿದೆ. ನಾನೂರ ಹನ್ನೆರಡು. ಹಿಂದಿನ ದೊಡ್ಡ ಚಳಿಯಲ್ಲಿ ಇದೇ ಜಾಗದಲ್ಲಿ ನಾವು ಮೂರು ಸಾವಿರ ದಾಟಿದ ಮೇಲೆ ಎಣಿಸುವುದನ್ನೇ ನಿಲ್ಲಿಸಿದ್ದೆವು. ನಾಲ್ಕು ವರ್ಷ ಚಳಿ ಕೊಲ್ಲದಿದ್ದ ಮೇಲೆ ಕ್ರೀಕು ಮೀನಿನಿಂದ ತುಂಬಿರಬೇಕಿತ್ತು. ನನ್ನ ವರದಿಯೂ ಹಾಗೆಯೇ ಹೇಳಿತ್ತು. ಹೆಚ್ಚು ಸಾಯಲಿಲ್ಲ, ಏಕೆಂದರೆ ಸಾಯುವುದಕ್ಕೆ ಹೆಚ್ಚು ಇರಲಿಲ್ಲ. ಅವುಗಳ ಕಿವಿಯ ಕಲ್ಲುಗಳನ್ನು ತೆಗೆದು, ಕೊಯ್ದು, ವರ್ಷಕ್ಕೊಂದರಂತೆ ಬೆಳೆಯುವ ಉಂಗುರಗಳನ್ನು ನೋಡಿದೆ. ನಾಲ್ಕು ವರ್ಷ ತುಂಬಿದವು ಒಂಬತ್ತು. ಆ ನಾಲ್ಕು ವರ್ಷ ಚಳಿಗೆ ಸಿಗದೆ ಉಳಿದ ಮೀನುಗಳು ಮುಪ್ಪಾಗುವ ಮೊದಲೇ ಎಲ್ಲೋ ಹೋಗಿದ್ದವು.

ಎಲ್ಲಿಗೆ ಎಂಬುದು ನಿನಗೆ ಗೊತ್ತಿತ್ತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ, ದೋಣಿಕಟ್ಟೆಯಲ್ಲಿ ನಿಂತು ಜನ ಹಿಡಿದ ಮೀನು ಎಣಿಸುವವನು ಮನೆಗೆ ಹೋಗಿ ಮಾರ್ಚಿನಲ್ಲಿ ಮರಳಬೇಕೆಂಬುದು ನಮ್ಮ ಇಲಾಖೆಯಲ್ಲಿ ನಮ್ಮಿಬ್ಬರಿಗಿಂತ ಹಳೆಯ ಪದ್ಧತಿ. ಚಳಿಗಾಲದಲ್ಲಿ ಗಾಳ ಹಾಕುವ ಹುಚ್ಚರಿಲ್ಲ ಎಂದು ಯಾರೋ ಒಮ್ಮೆ ತೀರ್ಮಾನಿಸಿದ್ದರು. ಆ ಕಾಲಕ್ಕೆ ಅದು ಸರಿಯಾಗಿಯೂ ಇತ್ತು. ಹೀಗಾಗಿ ಡಿಸೆಂಬರ್, ಜನವರಿ, ಫೆಬ್ರವರಿಯ ಅಂಕಣಗಳು ಖಾಲಿ ಉಳಿಯುತ್ತಿದ್ದವು. ನನ್ನ ಗಣಿತ ಆ ಖಾಲಿಯನ್ನು ಸೊನ್ನೆಯೆಂದು ಓದುತ್ತಿತ್ತು. ನೀರು ಬೆಚ್ಚಗಾದಾಗ ಮೀನು ಚಳಿಗಾಲವಿಡೀ ತಿನ್ನುತ್ತದೆ, ತಿನ್ನುವ ಮೀನು ಗಾಳಕ್ಕೂ ಬೀಳುತ್ತದೆ. ಅದೂ ಕ್ರೀಕಿನ ಒಂದೇ ಒಂದು ಆಳದ ಗುಂಡಿಯಲ್ಲಿ ಎಲ್ಲವೂ ಒತ್ತೊತ್ತಾಗಿ ನಿಂತಿರುವಾಗ. ಆ ಗುಂಡಿಯ ಮೇಲೆ ನಾಲ್ಕು ವರ್ಷ ದೋಣಿಗಳು ಸಾಲುಗಟ್ಟಿ ನಿಂತಿದ್ದವು. ನನ್ನ ಕಾಗದದಲ್ಲಿ ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ಮೂರು ವರ್ಷದ ಹಿಂದಿನ ಒಂದು ಭಾನುವಾರ ನೀನು ನನ್ನನ್ನು ಕಟ್ಟೆಗೆ ಕರೆಸಿಕೊಂಡಿದ್ದೆ. ಸಂಬಳವಿಲ್ಲದ ತಿಂಗಳು, ನೀನು ಕಿವಿಮುಚ್ಚುವ ಟೋಪಿ ಹಾಕಿಕೊಂಡು ನಿಂತಿದ್ದೆ.

"ರಾಯ್ಸ್, ದೋಣಿ ಇಳಿಸಿ ನಿಲ್ಸಿರೋ ಆ ಟ್ರೈಲರ್‌ಗಳನ್ನ ನೋಡು. ನಲವತ್ತೊಂದು. ಜುಲೈನಲ್ಲೂ ಇಷ್ಟು ಇರಲ್ಲ ಮಾರಾಯ."

"ನೀನೀಗ ರಜೆಯಲ್ಲಿದ್ದೀಯ ಥರ್ಮನ್. ಈ ಎಣಿಕೆಗೆ ಫಾರಂ ಇಲ್ಲ."

"ಮೀನಿಗೆ ಫಾರಂ ಗೊತ್ತಿಲ್ವಲ್ಲೋ. ಹೋಗಿ ಹೇಳ್ಬಾ ಅದಕ್ಕೆ, ಮಾರ್ಚ್‌ವರೆಗೂ ಬಾಯಿ ಮುಚ್ಕೊಂಡಿರು ಅಂತ."

ನೀನು ನಕ್ಕೆ. ಆದರೂ ಆ ಚಳಿಗಾಲವೂ ಮುಂದಿನದೂ ಪ್ರತಿ ಶನಿವಾರ, ಭಾನುವಾರ ಕಟ್ಟೆಯಲ್ಲಿ ನಿಂತು ದೋಣಿ, ಮೀನು, ಅಳತೆ ಎಲ್ಲವನ್ನೂ ನಿನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತಂದು ತೋರಿಸಿದಾಗ ನಾನು ಮೂರು ಪುಟ ತಿರುವಿ ಹಿಂದಿರುಗಿಸಿದೆ. ವಿಧಾನಕ್ಕೆ ಹೊರತಾದ ಸಂಖ್ಯೆಯನ್ನು ವಿಧಾನದೊಳಗೆ ಸೇರಿಸಲಾಗದು ಎಂದೆ. ಆ ವಾಕ್ಯ ಇವತ್ತಿಗೂ ತಪ್ಪಲ್ಲ. ಅದನ್ನು ಅಲ್ಲಿಗೇ ನಿಲ್ಲಿಸಿದ್ದು ತಪ್ಪು.

ಈ ತಿಂಗಳ ಎಂಟರಂದು ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಸಾರ್ವಜನಿಕ ಸಭೆಯಿತ್ತು. ಉಳಿದ ಹೆಣ್ಣುಮೀನುಗಳು ಮೇ ತಿಂಗಳಲ್ಲಿ ಮೊಟ್ಟೆಯಿಡುವವರೆಗಾದರೂ ಬದುಕಬೇಕು. ಆದ್ದರಿಂದ ಜೂನ್ ನಡುವಿನವರೆಗೆ ಚುಕ್ಕೆ ಟ್ರೌಟ್ ಹಿಡಿಯುವುದನ್ನು ನಿಲ್ಲಿಸಬೇಕು, ಆಮೇಲೆ ತಲೆಗೆ ನಾಲ್ಕರ ಬದಲು ಎರಡು ಮೀನಿನ ಮಿತಿ ಹಾಕಬೇಕು ಎಂದು ಪ್ರಸ್ತಾಪಿಸಿದೆ. ಹೊರ ಊರಿನವರನ್ನು ದುಡ್ಡಿಗೆ ಮೀನು ಹಿಡಿಯಲು ಕರೆದೊಯ್ಯುವ ಕ್ಯಾಪ್ಟನ್ ಡೆಲ್ಮಸ್ ನನ್ನ ಹಳೆಯ ವರದಿಯ ಪ್ರತಿ ಹಿಡಿದುಕೊಂಡೇ ಬಂದಿದ್ದ.

"ಏನಪ್ಪಾ ಕಿವಿಕಲ್ಲು ಡಾಕ್ಟ್ರೇ," ಎಂದ, "ಚಳಿ ಕಮ್ಮಿಯಾದ್ರೆ ಮೀನು ಜಾಸ್ತಿ ಅಂತ ಹೋದ್ವರ್ಷ ಬರ್ದಿದ್ದು ನೀನಾ, ನಿನ್ನ ಅವಳಿ ತಮ್ಮನಾ?"

ಇಡೀ ಸಭೆ ನಕ್ಕಿತು. ಬರೆದದ್ದು ನಾನೇ ಎಂದೆ. ಚಳಿಗಾಲದಲ್ಲಿ ಜನ ಹಿಡಿದ ಮೀನು ಲೆಕ್ಕಕ್ಕೆ ಬಂದಿರಲಿಲ್ಲ ಎಂದೂ ಹೇಳಿದೆ.

"ಲೆಕ್ಕಕ್ಕೇ ಬಂದಿಲ್ಲ ಅಂದ್ಮೇಲೆ ನಾವು ಹಿಡಿದ್ವಿ ಅಂತ ನಿಂಗೆ ಯಾವ ಡಾಲ್ಫಿನ್ ಬಂದು ಹೇಳ್ತು? ಚಳಿ ಕೊಂದಿದೆ, ಬೆಚ್ಚಗಾದ್ಮೇಲೆ ತಾನಾಗೇ ತುಂಬ್ಕೊಳ್ಳುತ್ತೆ. ಅದಕ್ಕೆ ನಮ್ ಹೊಟ್ಟೆ ಮೇಲೆ ಯಾಕಪ್ಪಾ ಹೊಡೀತೀಯ?"

ಆಗ ಹಿಂದಿನ ಸಾಲಿನಿಂದ ಐವಾ ಎದ್ದಳು. "ಡೆಲ್ಮಸ್, ನೀನು ಜನವರೀಲಿ ದಿನಕ್ಕೆರಡು ಸಲ ನನ್ನಂಗ್ಡೀಗೆ ಬಂದು ಜೀವಂತ ಸೀಗಡಿ ಕೊಡು ಅಂತ ಪ್ರಾಣ ತಿಂತಿದ್ಯಲ್ಲ, ಅದನ್ನೇನು ಅಕ್ವೇರಿಯಮ್ಮಲ್ಲಿ ಸಾಕ್ತಿದ್ಯಾ?" ಮತ್ತೆ ನಗು. ಅದು ಅಡಗಿದ ಮೇಲೆ ಅವಳು ನನ್ನ ಕಡೆ ತಿರುಗಿ, ನಗದೆ ಹೇಳಿದಳು: "ಯಾರ ಹತ್ರ ಲೆಕ್ಕ ಇದೆ ಅಂತ ನಿಂಗೊತ್ತು ರಾಯ್ಸ್. ಹೋಗಿ ಕೇಳು."

ನಿಯಮ ಮಾಡುವ ಸಮಿತಿ ತೀರ್ಮಾನವನ್ನು ಮಾರ್ಚ್ ಹದಿನೈದಕ್ಕೆ ಮುಂದೂಡಿತು. ಚಳಿಗಾಲದಲ್ಲಿ ಎಷ್ಟು ಮೀನು ಹೋಯಿತೆಂಬುದಕ್ಕೆ ಬರಹದ ದಾಖಲೆ ಬೇಕಂತೆ. ಇಲ್ಲದಿದ್ದರೆ ಪ್ರಸ್ತಾಪ ಬೀಳುತ್ತದೆ. ಅಷ್ಟರಲ್ಲಿ ಬದುಕಿ ಉಳಿದವು ಅದೇ ಗುಂಡಿಯಲ್ಲಿ ನಿಂತಿವೆ, ದೋಣಿಗಳೂ ನಿಂತಿವೆ. ನಿನ್ನೆ ಮಧ್ಯಾಹ್ನ ನಾನೇ ಹೋಗಿ ನೋಡಿದೆ, ಇಪ್ಪತ್ತಾರು. ಇನ್ನೊಂದು ಮೂರು ತಿಂಗಳು ಹೀಗೆಯೇ ಸಾಗಿದರೆ ಮೊಟ್ಟೆಯಿಡುವ ಗಾತ್ರದ ಮೀನು ಆ ಕ್ರೀಕಿನಲ್ಲಿ ಎಷ್ಟು ಉಳಿದೀತೆಂದು ಹೇಳಲಾರೆ. ನಾನು ಹೇಳಿದ ಅಂದಾಜನ್ನು ನಂಬುವವರೂ ಈಗ ಯಾರೂ ಇಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ನೋಟ್‌ಬುಕ್ ಇನ್ನೂ ನಿನ್ನಲ್ಲಿದ್ದರೆ ಕಳುಹಿಸಿಕೊಡು. ನೀನೇ ಬಂದು ಓದಿದರೆ ಇನ್ನೂ ಒಳ್ಳೆಯದು. ಈ ಊರಿನವರು ನಿನ್ನ ಮಾತನ್ನು ನನ್ನ ಗಣಿತಕ್ಕಿಂತ ಹೆಚ್ಚು ನಂಬುತ್ತಾರೆ. ನಮ್ಮ ಹಿಂಬದಿಯ ಕೋಣೆ ಖಾಲಿಯಿದೆ. ನೀನು ಇಲ್ಲಿರುವ ದಿನಗಳಲ್ಲಿ ನಿನ್ನ ತಟ್ಟೆಯಲ್ಲಿ ಏನಿತ್ತೆಂದು ಕೊರಿನ್‌ಗೆ ನಾವು ಯಾರೂ ಹೇಳುವುದಿಲ್ಲ.

ಬೆಟ್ಟದ ಗಾಳಿ ನಿನ್ನ ಮಂಡಿಗಳಿಗೆ ಹಿತವಾಗಿರಲಿ. ಕೊರಿನ್‌ಗೂ ಮೊಮ್ಮಗಳಿಗೂ ದೇವರು ಒಳ್ಳೆಯದು ಮಾಡಲಿ. ನಿನಗೆ ದೀರ್ಘಾಯುಷ್ಯವನ್ನೂ, ನನ್ನ ಬಗ್ಗೆ ಸ್ವಲ್ಪ ತಾಳ್ಮೆಯನ್ನೂ ಬೇಡುತ್ತೇನೆ.

ನಿನ್ನ
ರಾಯ್ಸ್ ಗಿಲಿಕಿನ್

ಮರೆಯದೆ ಓದು: ಇದನ್ನು ಪತ್ರದ ಮೊದಲಲ್ಲೇ ಬರೆಯಬೇಕಿತ್ತು. ಮೂರು ಸಲ ಹಾಗೆಯೇ ಆರಂಭಿಸಿ ಹಾಳೆ ಹರಿದೆ.

ನಿನ್ನನ್ನು ಕೆಲಸದಿಂದ ತೆಗೆದದ್ದು ಅನುದಾನ ಕಡಿತದಿಂದ ಎಂದು ನಿನಗೆ ಹೇಳಲಾಗಿತ್ತು. ಬೀಳ್ಕೊಡುಗೆಯ ಊಟದಲ್ಲಿ ನಿನ್ನ ಪಕ್ಕದಲ್ಲಿ ಕುಳಿತು ನಾನೂ ಅದನ್ನೇ ಹೇಳಿದೆ. ಅದು ನಿಜವಲ್ಲ. ನಿನ್ನ ನೋಟ್‌ಬುಕ್ಕಿನ ವಿಷಯ ಮೇಲಧಿಕಾರಿಯ ಕಿವಿಗೂ ಬಿದ್ದಿತ್ತು. ಅವರು ನನ್ನ ಅಭಿಪ್ರಾಯ ಕೇಳಿದರು. ನಾನು ಹೀಗೆ ಬರೆದುಕೊಟ್ಟೆ: "ಶ್ರೀ ಪೈನರ್ ನೀಡಿರುವ ಚಳಿಗಾಲದ ಸಂಖ್ಯೆಗಳು ಕಟ್ಟೆಯಲ್ಲಿ ನಿಂತು ಎಣಿಸಿದವುಗಳೆಂದು ತೋರುವುದಿಲ್ಲ." ನೀನು ಎಣಿಸುವಾಗ ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ, ಥರ್ಮನ್. ಆ ನಲವತ್ತೊಂದು ಟ್ರೈಲರ್‌ಗಳನ್ನು ನಾನೂ ಎಣಿಸಿದ್ದೆ. ನಿನ್ನ ಸಂಖ್ಯೆ ನಿಜವಾದರೆ ನನ್ನ ವರದಿ ಸುಳ್ಳಾಗುತ್ತಿತ್ತು. ಅದಕ್ಕಿಂತ ಬೇರೆ ಕಾರಣ ಇರಲಿಲ್ಲ. ಎಣಿಕೆಯನ್ನು ಕಲ್ಪಿಸಿ ಬರೆಯುವವನನ್ನು ಯಾವ ಇಲಾಖೆಯೂ ಇಟ್ಟುಕೊಳ್ಳುವುದಿಲ್ಲ.

ಮಾರ್ಚ್ ಹದಿನೈದರ ಸಭೆಯಲ್ಲಿ, ಬೇರೆ ಏನನ್ನೂ ಹೇಳುವ ಮೊದಲು, ಆ ವಾಕ್ಯವನ್ನೂ ಅದರ ಕೆಳಗಿರುವ ನನ್ನ ಸಹಿಯನ್ನೂ ಎಲ್ಲರೆದುರು ಓದುತ್ತೇನೆ. ನೀನು ನೋಟ್‌ಬುಕ್ ಕಳುಹಿಸಿದರೂ ಓದುತ್ತೇನೆ, ಕಳುಹಿಸದಿದ್ದರೂ ಓದುತ್ತೇನೆ. ಕಳುಹಿಸದಿದ್ದರೆ ಏಕೆಂದು ನಾನು ಕೇಳುವುದಿಲ್ಲ.