ಕಿಟಕಿಯಿಲ್ಲದ ಅಡುಗೆಮನೆ

ಲುಬ್ಲಿನ್, ೧೪ ನವೆಂಬರ್ ೧೯೭೧, ಭಾನುವಾರ

ಆ ಗೋಡೆ ತಲೆಯಿಂದ ಹೋಗುತ್ತಿಲ್ಲ. ಸರ್ಕಾರ ಕಟ್ಟಿಸಿಕೊಟ್ಟ ಈ ಕಟ್ಟಡದ ಸಮಾಜವಾದಿ ನಕ್ಷೆಯಲ್ಲಿ ಯಾವ ಮನೆಯ ಅಡುಗೆಮನೆಗೂ ಕಿಟಕಿಯಿಲ್ಲ. ಒಲೆಯ ಮೇಲೆ ಒಂದಿಷ್ಟು ಹಗಲು ಬೀಳಲೆಂದು ಪಕ್ಕದ ಮನೆಯ ಗೆನೊವೆಫಾ ಅಡುಗೆಮನೆಗೂ ಕಿಟಕಿಯಿರುವ ಕೋಣೆಗೂ ನಡುವಿನ ಗೋಡೆಯಲ್ಲಿ ಕಿಂಡಿ ಒಡೆದಿದ್ದಾಳೆ. ನಾಳೆ ತನಿಖೆಯಂತೆ. ಅವಳ ಮನೆ ಖಾಲಿ ಮಾಡಿಸುತ್ತಾರಂತೆ.

ಸಂಜೆಯ ಸಭೆಯಲ್ಲಿ ವಸತಿ ಸಂಘದ ಕಾರ್ಯದರ್ಶಿ ಹಲ್ಲು ಕಿರಿದ: "ಎಲೆಕೋಸು ಬೇಯೋಕೆ ಸೂರ್ಯ ಯಾಕಮ್ಮ? ಬಲ್ಬ್ ಇದೆ. ಸಾಲದಿದ್ರೆ ಕಾರ್ಖಾನೆ ಕ್ಯಾಂಟೀನ್‌ಗೆ ಹೋಗಿ ತಿನ್ನು."

"ನಕ್ಷೆ ಬರೆದೋನ್ನ ಕಳಿಸಿ ಸಾಹೇಬ್ರೇ," ಅಂದಳು ಗೆನೊವೆಫಾ. "ಒಂದು ವಾರ ಆ ಬಿಲದಲ್ಲಿ ಈರುಳ್ಳಿ ಹುರೀಲಿ. ಅವನ ಕಣ್ಣೀರು ನಾನೇ ಒರೆಸ್ತೀನಿ."

ಎಲ್ಲರೂ ನಕ್ಕರು. ಮತಕ್ಕೆ ಹಾಕಿದಾಗ ಅವಳ ಪರ ಕೈ ಎತ್ತಿದವಳು ಮಾತ್ರ ನಾನೊಬ್ಬಳೇ.

ಎಲ್ಲರಿಗೂ ಸೂರು ಬೇಕೆಂದು ಬೀದಿಯಲ್ಲಿ ಕೂಗಿದವಳು ನಾನು. ಈಗಲೂ ಕೂಗುತ್ತೇನೆ. ಆದರೆ ಬೇಯಿಸುವ ಹೆಂಗಸಿಗೆ ಬೆಳಕು ಬೇಡವೆಂದು ತೀರ್ಮಾನಿಸಿದ ಧಣಿ ಯಾರು?

ನಿದ್ದೆ ಹತ್ತುತ್ತಿಲ್ಲ. ಮೇಲಿನ ಮನೆಯಲ್ಲಿ ಯಾರೋ ಗೋಡೆ ಕುಟ್ಟುತ್ತಿದ್ದಾರೆ. ಈಗ ಕೆಳಗಿನ ಮನೆಯಲ್ಲೂ. ಸಂಜೆ ಕೈ ಎತ್ತದವರೇ ತಮ್ಮ ತಮ್ಮ ಅಡುಗೆಮನೆಯ ಗೋಡೆ ಒಡೆಯುತ್ತಿದ್ದಾರೆ. ನಾಳೆ ತನಿಖೆಗೆ ಬರುವವನು ಎಷ್ಟು ಮನೆ ಖಾಲಿ ಮಾಡಿಸುತ್ತಾನೋ ನೋಡೋಣ. ನನ್ನ ಸುತ್ತಿಗೆ ಒಲೆಯ ಕೆಳಗೆ ಎಲ್ಲೋ ಇರಬೇಕು, ಎದ್ದು ಹುಡುಕುತ್ತೇನೆ.