ಮೇಷ್ಟ್ರ ಶ್ರುತಿ

ಜುಲೈ 6, ಭಾನುವಾರ

ಇವತ್ತೂ ಆಟೋದವನ ಜೊತೆ ಜಗಳ. ಬ್ಯಾರಿಟೋನ್ ಸ್ಯಾಕ್ಸೊಫೋನ್ ಪೆಟ್ಟಿಗೆ ನೋಡಿ, "ಏನ್ ಮೇಡಂ ಇದು, ಫ್ರಿಡ್ಜಾ? ಎಕ್ಸ್‌ಟ್ರಾ ಆಗತ್ತೆ" ಅಂದ. ಮಲ್ಲೇಶ್ವರದಿಂದ ಚಾಮರಾಜಪೇಟೆಗೆ ಪ್ರತಿ ಭಾನುವಾರ ಇದೇ ಗೋಳು.

ಮೇಷ್ಟ್ರ ಮನೆಯ ಮಹಡಿ. ಮೊದಲು ಶ್ರುತಿ. ರಾಮಸ್ವಾಮಿ ಮೇಷ್ಟ್ರು ತಮ್ಮ ಪುಟ್ಟ ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ಒಂದು ಸ್ವರ ಹಿಡಿಯುತ್ತಾರೆ. ಉಳಿದ ಮೂವರು — ಆಲ್ಟೊ ಕೇದಾರ್, ಟೆನರ್ ಶಶಿಕುಮಾರ್, ಎಲ್ಲರಿಗಿಂತ ತಳದಲ್ಲಿ ನಾನು — ಅದಕ್ಕೆ ಸೇರಿಸಿಕೊಳ್ಳಬೇಕು. ಫೋನಿನಲ್ಲಿ ಶ್ರುತಿ ಅಳೆಯುವ ಟ್ಯೂನರ್ ತೆಗೆಯುವ ಹಾಗಿಲ್ಲ. "ದೇವರು ಕಿವಿ ಯಾಕ್ ಕೊಟ್ಟಿದಾನೆ, ಕನ್ನಡಕ ಸಿಗ್ಸಕ್ಕಾ?" ಅನ್ನುತ್ತಾರೆ. ನಮ್ಮ ತಂಡ 'ನಾಲ್ಕುಸಿರು' ಶುರುವಾದಾಗಿನಿಂದ ಇದೇ ಕಾನೂನು.

ಇವತ್ತು ಮೇಷ್ಟ್ರ ಶ್ರುತಿ ಮತ್ತೆ ಏರಿತ್ತು. ಮೌತ್‌ಪೀಸ್ ಒಳಗೆ ತಳ್ಳಿದರೆ ಸ್ವರ ಮೇಲಕ್ಕೆ ಹೋಗುತ್ತದೆ. ತಳ್ಳಿದೆ. ಕೇದಾರ್ ತಳ್ಳಿದ. ಶಶಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿ ತಾನೂ ತಳ್ಳಿದ. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು.

"ಹಾಂ, ಈಗ ಸೇರ್ತು ನೋಡಿ."

ಸೇರಿತ್ತು ನಿಜ. ಸೇರಬೇಕಾದ ಜಾಗದಲ್ಲಿ ಅಲ್ಲ.

ಜುಲೈ 9, ಬುಧವಾರ

ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಶಶಿ ಫೋನು. "ಇಂಚರಾ, ಎಷ್ಟು ದಿನ ಹಿಂಗೆ? ಮೇಷ್ಟ್ರಿಗೆ ಹೇಳ್ಬಿಡೋಣ."

"ಯಾರು ಹೇಳೋದು?"

"ನೀನೇ. ನೀನು ಅವರ ಸ್ಕೂಲ್ ಸ್ಟೂಡೆಂಟು."

ಸರಿ, ಎಲ್ಲದಕ್ಕೂ ನಾನೇ! ಎಂಟನೇ ಕ್ಲಾಸಿನಲ್ಲಿ ನನ್ನ ಕೈಗೆ ಈ ವಾದ್ಯ ಕೊಟ್ಟವರು ಅವರು. ಹುಡುಗಿ ಇಷ್ಟು ದೊಡ್ಡದು ಊದುತ್ತಾಳಾ ಎಂದು ಎಲ್ಲರೂ ನಕ್ಕಾಗ ನಗದಿದ್ದವರು ಅವರೊಬ್ಬರೇ. ಸ್ಕೂಲ್ ಬ್ಯಾಂಡ್ ಕಲಿಸುತ್ತಲೇ ಗಾಂಧಿನಗರದ ಸಿನಿಮಾ ರೆಕಾರ್ಡಿಂಗುಗಳಲ್ಲಿ ಮೂವತ್ತು ವರ್ಷ ಊದಿ, ಒಂದು ದಿನ ಸಾಕು ಅಂದರು. "ಇನ್ಮೇಲೆ ಹಳೇದು ನುಡಿಸಲ್ಲ. ಬದುಕಿರೋರ ಹತ್ರ ಬರೆಸ್ಕೊಂಡು ನುಡಿಸ್ತೀನಿ." ಅಲ್ಲಿಂದ ವರ್ಷಕ್ಕೊಂದು ಹೊಸ ಕೃತಿ. ಪ್ರತಿ ವರ್ಷ ಕಾರ್ಯಕ್ರಮ ಮುಗಿದ ಮೇಲೆ ಯಾರಾದರೊಬ್ಬರು ಬಂದು, "ಚೆನ್ನಾಗಿತ್ತು ಸಾರ್, ಹಾಡು ಯಾವಾಗ ಶುರು?" ಎಂದು ಕೇಳುತ್ತಾರೆ. ಮೇಷ್ಟ್ರಿಗೆ ಅದೂ ಖುಷಿಯೇ.

ಅವರಿಗೆ ಹೋಗಿ ಏನೆಂದು ಹೇಳಲಿ? ನಿಮ್ಮ ಕಿವಿ ಹೋಯಿತು ಎಂದೇ?

ಜುಲೈ 20, ಭಾನುವಾರ

ಈ ವರ್ಷದ ಕೃತಿ ಬಂತು. ಬರೆದವಳು ಸುಪ್ರಜಾ, ಇನ್ನೂ ಇಪ್ಪತ್ತೇಳು. ನಾಲ್ಕು ಸ್ಯಾಕ್ಸೊಫೋನಿನ ಜೊತೆಗೆ ಒಂದು ಟ್ರ್ಯಾಕ್ — ಕಲಾಸಿಪಾಳ್ಯ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಜಾವ ರೆಕಾರ್ಡ್ ಮಾಡಿದ ಗದ್ದಲ, ಅದರ ಅಡಿಯಲ್ಲಿ ಕೊನೆಯವರೆಗೂ ಹಿಡಿದ ಒಂದೇ ಸ್ವರ. ಸ್ಪೀಕರಿನಲ್ಲಿ ಹಾಕಿದಳು. ಮೈ ಜುಮ್ ಅಂತು. ಎಷ್ಟು ವರ್ಷಕ್ಕೆ ಇಂಥದ್ದೊಂದು ನಮಗೆ ಸಿಕ್ಕಿದೆ!

ನುಡಿಸಲು ಶುರುಮಾಡಿದೆವು. ಅಯ್ಯೋ. ನಾವು ನಾಲ್ವರು ಒಂದು ಕಡೆ, ಟ್ರ್ಯಾಕ್ ಒಂದು ಕಡೆ. ಮನುಷ್ಯರಾದರೆ ಹೊಂದಿಕೊಂಡು ಬರುತ್ತಾರೆ, ಅದು ಎಲ್ಲಿ ಬರುತ್ತದೆ. ಹಲ್ಲು ಜುಮ್ಮೆನ್ನುವ ಹಾಗೆ ಕೇಳುತ್ತಿತ್ತು.

ಮೇಷ್ಟ್ರು ನಿಲ್ಲಿಸಿದರು. "ಸುಪ್ರಜಾ, ನಿನ್ ಟ್ರ್ಯಾಕ್ ಇಳಿದಿದೆಯಲ್ಲಮ್ಮ."

"ಇಲ್ಲ ಸಾರ್, ಚೆಕ್ ಮಾಡಿದೀನಿ..."

"ಮಷೀನ್ ಚೆಕ್ ಮಾಡಿರತ್ತೆ. ಕಿವೀಲಿ ಕೇಳು."

ಹುಡುಗಿ ನಮ್ಮ ಮೂವರ ಮುಖ ನೋಡಿದಳು. ನಾನು ಮೌತ್‌ಪೀಸಿನ ರೀಡ್ ಒರೆಸುತ್ತ ಕೂತೆ. ಹೇಡಿ ನಾನು.

ಜುಲೈ 23, ಬುಧವಾರ

ಕೇದಾರನ ಐಡಿಯಾ: ಟ್ರ್ಯಾಕನ್ನೇ ಕಂಪ್ಯೂಟರಿನಲ್ಲಿ ಸ್ವಲ್ಪ ಏರಿಸಿಬಿಡುವುದು. ಸುಪ್ರಜಾ ಒಪ್ಪಿದಳು, ಅಳುಮುಖ ಮಾಡಿಕೊಂಡು. ಗಾಂಧಿಬಜಾರಿನ ಹೋಟೆಲಿನಲ್ಲಿ ಕೂತು ನಾಲ್ವರೂ ಕಳ್ಳರ ಹಾಗೆ ಮಾತಾಡಿಕೊಂಡೆವು.

"ಅವರಿಗೆ ಹೇಳಿದ್ರೆ ಏನಾಗತ್ತೆ?" ಎಂದಳು ಸುಪ್ರಜಾ.

ಶಶಿ ಹೇಳಿದ, "ವಾದ್ಯ ಎತ್ತಿಟ್ಬಿಡ್ತಾರೆ. ಹೆಂಡ್ತಿ ಹೋದ ಮೇಲೆ ಅವರಿಗಿರೋದು ಇದೊಂದೇ ಕಣಮ್ಮ."

ದೋಸೆ ತಣ್ಣಗಾಯಿತು.

ಆಗಸ್ಟ್ 3, ಭಾನುವಾರ

ಕೆಲಸ ಕೆಟ್ಟಿತು. ಮೇಷ್ಟ್ರ ಶ್ರುತಿ ಇನ್ನೂ ಏರಿದೆ. ಏರಿಸಿದ ಟ್ರ್ಯಾಕ್ ಕೂಡ ಈಗ ಅವರಿಗೆ ಕೆಳಗೆ. ಕೇದಾರ್, ಶಶಿ ಹೇಗೋ ಹಿಂದೆ ಓಡಿದರು. ನನ್ನ ಮೌತ್‌ಪೀಸ್ ಇನ್ನು ಒಳಗೆ ಹೋಗುವುದಿಲ್ಲ. ಕೊನೆಯವರೆಗೆ ತಳ್ಳಿಯಾಯಿತು. ತುಟಿ ಬಿಗಿದು ಬಿಗಿದು ರಕ್ತದ ರುಚಿ ಬಂತು, ಆದರೂ ಅವರು ನಿಂತಿರುವಲ್ಲಿಗೆ ಮುಟ್ಟಲಾಗಲಿಲ್ಲ.

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾರ್ಯಕ್ರಮಕ್ಕೆ ಇನ್ನು ಒಂದೂವರೆ ತಿಂಗಳೂ ಇಲ್ಲ. ಬಸವನಗುಡಿಯ ಹಾಲ್ ಬುಕ್ ಆಗಿದೆ. ಊರವರ ಮುಂದೆ ಅವರ ಮಾನ ಹೋಗುತ್ತದೆ. ಮಂಗಳವಾರ ಹೋಗಿ ಹೇಳುತ್ತೇನೆ. ಹೇಳಲೇಬೇಕು.

ಆಗಸ್ಟ್ 5, ಮಂಗಳವಾರ

ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ವಾಕ್ಯ ಬಾಯಿಪಾಠ. "ಮೇಷ್ಟ್ರೇ, ಒಂದ್ಸಲ ಕಿವಿ ತೋರಿಸ್ಕೊಂಡ್ ಬರೋಣ." ಅಷ್ಟೇ. ಒಳ್ಳೆ ವಾಕ್ಯ.

ಅವರೇ ಕಾಫಿ ಮಾಡಿ ತಂದರು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

"ಬಂದಿದ್ದು ಒಳ್ಳೇದಾಯ್ತು ಪುಟ್ಟ. ಒಂದು ವಿಷಯ. ಬೇಜಾರ್ ಮಾಡ್ಕೋಬಾರ್ದು."

"ಹೇಳಿ ಮೇಷ್ಟ್ರೇ."

"ನೀನು ಇಳಿಸಿ ನುಡಿಸ್ತಿದೀಯ. ಮೊದಲು ಆ ಹುಡುಗಿ ಟ್ರ್ಯಾಕ್ ಸರಿಯಿಲ್ಲ ಅಂದ್ಕೊಂಡೆ. ಅಲ್ಲ. ತಳದಲ್ಲಿರೋಳು ನೀನು. ನೀನು ಇಳಿದ್ರೆ ಎಲ್ಲಾನೂ ಇಳಿದ ಹಾಗೆ ಕೇಳತ್ತೆ." ಲೋಟ ಕೆಳಗಿಟ್ಟರು. "ಯಾರಿಗಾದ್ರೂ ಬರೋದೇ. ನಾಚ್ಕೋಬೇಡ. ಜಯನಗರದಲ್ಲಿ ಒಬ್ರು ಕಿವಿ ಡಾಕ್ಟ್ರಿದಾರೆ, ಶನಿವಾರಕ್ಕೆ ಹೇಳಿಟ್ಟಿದೀನಿ. ಕೇದಾರಂಗೂ ಹೇಳಿಲ್ಲ, ಶಶೀಗೂ ಹೇಳಿಲ್ಲ. ನಾನೇ ಕರ್ಕೊಂಡ್ ಹೋಗ್ತೀನಿ."

ಕಣ್ಣು ತುಂಬಿತ್ತು ಅವರಿಗೆ. ನನಗಾಗಿ.

ನಾನು ಹೇಳಿದ್ದು: "ಆಗ್ಲಿ ಮೇಷ್ಟ್ರೇ."

ಆಗ್ಲಿ ಮೇಷ್ಟ್ರೇ! ಥೂ. ಬಸ್ಸಿನಲ್ಲಿ ಕೂತು ಅತ್ತೆ. ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿ ಕೊಟ್ಟಳು.

ಆಗಸ್ಟ್ 9, ಶನಿವಾರ

ಬ್ಯಾಂಕಿಗೆ ರಜ. "ವರಮಹಾಲಕ್ಷ್ಮಿ ಮಾರನೇ ದಿನವೇ ಡಾಕ್ಟರ ಹತ್ರ ಯಾಕೇ?" ಎಂದು ಅಮ್ಮ ಗೊಣಗಿದಳು. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟ್ ಹಾಕಿ ಬಂದಿದ್ದರು. ದಾರಿಯುದ್ದಕ್ಕೂ ಧೈರ್ಯ ಹೇಳಿದರು.

ಕ್ಲಿನಿಕ್ಕಿನಲ್ಲಿ ನನ್ನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಬಟನ್ ಕೊಟ್ಟರು. ಸದ್ದು ಕೇಳಿದಾಗೆಲ್ಲ ಒತ್ತಬೇಕು. ಒತ್ತದೇ ಇದ್ದರೆ? ಕೆಟ್ಟಿರುವುದು ನನ್ನ ಕಿವಿಯೇ ಎಂದಾಗಿಬಿಟ್ಟರೆ, ನಾನು ಬಿಟ್ಟು ಹೋದರೆ, ಅವರು ಉಳಿಯುತ್ತಾರಲ್ಲ? ಒಂದು ಸದ್ದು ಬಿಟ್ಟೆ. ಇನ್ನೊಂದು ಬಿಟ್ಟೆ. ಆಮೇಲೆ ಕೈ ತಾನಾಗಿ ಒತ್ತಿತು. ಬೇರೆ ಯಾರಾದರೂ ಬ್ಯಾರಿಟೋನ್ ಹಿಡಿದರೂ ಅವರಿಗೆ ಇಳಿದೇ ಕೇಳುತ್ತದೆ. ಏನು ಮಾಡಿದರೂ ಅಷ್ಟೇ.

ಹೊರಗೆ ಬಂದಾಗ ಟೆಸ್ಟ್ ಮಾಡಿದ ಹುಡುಗಿ ಮೇಷ್ಟ್ರ ಎದುರೇ ಹೇಳಿದಳು, "ಎರಡೂ ಕಿವಿ ಸೂಪರ್ ಇದೆ ಮೇಡಂ. ಏನ್ ಪ್ರಾಬ್ಲಂ ಅಂತ ಬಂದ್ರಿ?"

ಮೇಷ್ಟ್ರು ನನ್ನ ಎರಡೂ ಕೈ ಹಿಡಿದುಕೊಂಡರು. "ಸದ್ಯ! ಸದ್ಯ ಕಣಮ್ಮ!" ಮುಖವೆಲ್ಲ ನಗು. ಆಮೇಲೆ ನಗು ನಿಧಾನವಾಗಿ ಹೋಯಿತು. ಕೈ ಬಿಡಲಿಲ್ಲ.

"ಹಂಗಾದ್ರೆ ಟ್ರ್ಯಾಕೂ ಸರಿ ಇತ್ತು."

ನಾನು ಅವರ ಕೈಯನ್ನೇ ನೋಡಿದೆ.

"ಎಷ್ಟು ದಿನದಿಂದ ನನ್ ಹಿಂದೆ ಏರಿಸ್ಕೊಂಡ್ ಬರ್ತಿದೀರಿ?"

"ಮೇಷ್ಟ್ರೇ..."

"ಹೋದ ವರ್ಷದ ಕಾರ್ಯಕ್ರಮ? ಅದೂನಾ?"

ಹೌದೆಂದು ತಲೆಯಾಡಿಸಿದೆ.

"ಅದ್ರ ಹಿಂದಿನದು?"

ಅದಕ್ಕೂ ಆಡಿಸಿದೆ. ಅವರು ಎದ್ದು ಕೌಂಟರಿಗೆ ಹೋಗಿ ತಮ್ಮ ಹೆಸರು ಬರೆಸಿದರು. ಗೂಡಿನ ಗಾಜಿನಲ್ಲಿ ಕಾಣುತ್ತಿತ್ತು: ಬಟನ್ ಹಿಡಿದು, ಕಣ್ಣು ಮುಚ್ಚಿ, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತಿದ್ದರು. ಹೆಬ್ಬೆರಳು ತುಂಬ ಹೊತ್ತು ಅಲುಗಲಿಲ್ಲ.

ಮೇಲಿನ ಸ್ವರಗಳು ಹೋಗಿವೆಯಂತೆ, ಉಳಿದದ್ದು ಇಳಿದು ಕೇಳುತ್ತದಂತೆ. ಮಾತು ಕೇಳಲು ಕಿವಿಗೆ ಮೆಷಿನ್ ಹಾಕಿಕೊಳ್ಳಬಹುದು. ಸಂಗೀತಕ್ಕೆ ಕಷ್ಟ ಅಂದರು ಡಾಕ್ಟರು. "ಎರಡು ವರ್ಷ ಮುಂಚೆ ಬಂದಿದ್ರೆ ಅಭ್ಯಾಸ ಮಾಡ್ಕೋಬೋದಿತ್ತು ಸಾರ್. ಮನೇಲಿ, ಜೊತೇಲಿರೋರು ಯಾರೂ ಗಮನಿಸಲಿಲ್ವಾ?"

"ಗಮನಿಸಿದ್ರು" ಅಂದರು ಮೇಷ್ಟ್ರು.

ಆಗಸ್ಟ್ 24, ಭಾನುವಾರ

ಏನೂ ಬರೆಯಲಾಗಲಿಲ್ಲ ಇಷ್ಟು ದಿನ.

ಸೊಪ್ರಾನೊ ಈಗ ನಿಶಾಂತ್, ಕೇದಾರನ ಶಿಷ್ಯ. ಮೇಷ್ಟ್ರೇ ಫೋನ್ ಮಾಡಿ ಹೇಳಿದ್ದು. "ಹುಡುಗಿ ಬರೆದಿದ್ದು ಹಾಳಾಗ್ಬಾರ್ದು. ಟ್ಯೂನರ್ ಇಟ್ಕೊಳ್ಳಿ." ಟ್ರ್ಯಾಕನ್ನು ಸುಪ್ರಜಾ ಮೊದಲಿನ ಶ್ರುತಿಗೇ ಇಳಿಸಿದಳು. ಪ್ರಾಕ್ಟೀಸ್ ಅವರ ಮಹಡಿಯಲ್ಲೇ. ಅವರು ಕೆಳಗೆ, ಟಿ.ವಿ. ಜೋರಾಗಿ ಹಾಕಿಕೊಂಡು ಕೂತಿರುತ್ತಾರೆ. ಮೇಲೆ ಬರುವುದಿಲ್ಲ. ನಾನು ಇಳಿದು ಹೋಗಿ ಕ್ಷಮೆ ಕೇಳಿದೆ. "ಆಯ್ತಮ್ಮ" ಅಂದರು. ಇನ್ನೇನು ಕೇಳಲಿ, ಏನು ಮಾಡಲಿ, ತಿಳಿಯದು.

ಸೆಪ್ಟೆಂಬರ್ 13, ಶನಿವಾರ, ರಾತ್ರಿ

ಮುಗಿಯಿತು. ಹಾಲ್ ತುಂಬಿತ್ತು. ಮೇಷ್ಟ್ರು ಬಂದರು, ಮುಂದಿನ ಸಾಲಿನಲ್ಲೇ ಕೂತರು, ಹೊಸ ಮೆಷಿನ್ ಹಾಕಿಕೊಂಡು. ನಾವು ಟ್ರ್ಯಾಕಿನ ಜೊತೆ ಶುರುಮಾಡಿದ ಕ್ಷಣವೇ ಗೊತ್ತಾಯಿತು — ಶ್ರುತಿ ಕೂತುಕೊಂಡಿತು. ಬಸ್ಸಿನ ಗದ್ದಲದ ಅಡಿಯ ಆ ಸ್ವರದ ಮೇಲೆ ನಾಲ್ಕೂ ವಾದ್ಯ ಒಂದಾಗಿ ನಿಂತವು. ಎರಡು ವರ್ಷದಲ್ಲಿ ಒಮ್ಮೆಯೂ ಹೀಗೆ ನುಡಿಸಿಲ್ಲ ನಾವು. ಸಂತೋಷವಾಯಿತು. ಸಂತೋಷವಾದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಜನ ಎದ್ದು ನಿಂತು ಚಪ್ಪಾಳೆ. ಸುಪ್ರಜಾ ಅಳುತ್ತಿದ್ದಳು. ಮೇಷ್ಟ್ರೂ ನಿಂತು ತಟ್ಟಿದರು, ಅಕ್ಕಪಕ್ಕದವರ ಕೈ ನೋಡಿಕೊಂಡು.

ಎಲ್ಲರೂ ಹೋದ ಮೇಲೆ ಹತ್ತಿರ ಕರೆದರು.

"ಇಂಚರಾ, ಶ್ರುತಿ ಸೇರಿತ್ತಾ?"

"ಸೇರಿತ್ತು ಮೇಷ್ಟ್ರೇ."

ನನ್ನ ಮುಖವನ್ನೇ ನೋಡಿದರು. ಭುಜ ತಟ್ಟಿದರು.

"ನೀನು ಹಂಗೇ ಹೇಳ್ತೀಯ ಬಿಡಮ್ಮ."

ಮೆಟ್ಟಿಲು ಇಳಿದು ಹೊರಟರು. ಹಿಂದೆ ಓಡಿದೆ. ರಸ್ತೆಯಲ್ಲಿ ಆಟೋ ಹತ್ತುತ್ತಿದ್ದರು. "ಇಲ್ಲ ಮೇಷ್ಟ್ರೇ, ಆಣೆ ಮಾಡ್ತೀನಿ, ಇವತ್ತು ನಿಜವಾಗ್ಲೂ..." ಅನ್ನುವಷ್ಟರಲ್ಲಿ ಆಟೋ ಹೊರಟುಹೋಯಿತು.